ಮರಕ್ಕೆ ನೀರು, ಪಟಕ್ಕೆ ಮಾಲೆ

ನಮ್ಮೂರಿನವರನ್ನು ಕೇಳಿದರೆ ನಾನು ಸತ್ತು ಹೋಗಿದ್ದೇನೆ ಅಂತಾರೆ. ಅವರದೂ ತಪ್ಪಲ್ಲ. ನಮ್ಮ ಮನೆಯ ನಡುಗೋಡೆಯಲ್ಲಿ ನನ್ನ ಪಟ ಇದೆ, ಪಟಕ್ಕೆ ಮಾಲೆ ಇದೆ, ಗಾಜಿನ ಮೇಲೆ ನನ್ನ ಮಗಳು ಇಟ್ಟ ಕುಂಕುಮ ಇದೆ. ಇಷ್ಟೆಲ್ಲ ಆದ ಮೇಲೂ ಉಸಿರಾಡುತ್ತಿದ್ದೇನೆ ಅಂದರೆ ಅದು ನನ್ನದೇ ಮೊಂಡಾಟ. ದಾರಿಯಲ್ಲಿ ಯಾರಾದರೂ ಎದುರಾದರೆ ಅವರು ಸರಿಯುವುದಿಲ್ಲ, ನಾನೇ ಸರಿಯುತ್ತೇನೆ. ಸತ್ತವಳಿಗೆ ಅಷ್ಟಾದರೂ ಮರ್ಯಾದೆ ಗೊತ್ತಿರಬೇಕಲ್ಲ.

ನಮ್ಮೂರಿನ ಕಟ್ಟಳೆ ಹಾಗೆ. ಬದುಕಿರುವ ಹಿರಿಯರಿಗೆ ಬೆಳಿಗ್ಗೆ ಎದ್ದು ಒಂದು ಕೊಡ ನೀರು. ಸತ್ತ ಹಿರಿಯರಿಗೆ ಒಂದು ಪಟ, ಒಂದು ಮಾಲೆ. ನೀರು ಕುಡಿಯುವವರಿಗೆ ಮಾಲೆ ಇಲ್ಲ, ಮಾಲೆ ಬಿದ್ದವರಿಗೆ ನೀರಿಲ್ಲ. ಯಾರು ಮಾಡಿದ್ದು, ಯಾವಾಗ ಮಾಡಿದ್ದು, ಯಾರಿಗೂ ತಿಳಿಯದು. ನಮ್ಮ ಅವ್ವ ಹೇಳಿಕೊಟ್ಟಳು, ನಾನು ನನ್ನ ಮಗಳಿಗೆ ಹೇಳಿಕೊಟ್ಟೆ. ಚೆನ್ನಾಗಿಯೇ ಹೇಳಿಕೊಟ್ಟಿದ್ದೆ, ಅದು ಆಮೇಲೆ ಗೊತ್ತಾಯಿತು.

ಹಿರಿಯರು ಅಂದರೆ ನಮ್ಮಲ್ಲಿ ಬರೀ ಮುದುಕ ಮುದುಕಿಯರಲ್ಲ, ಮರಗಳು. ಊರು ಹುಟ್ಟುವ ಮೊದಲೇ ಅವು ಇದ್ದವು. ಮನೆಗೊಂದು ಮರ. ಯಜಮಾನನ ಮನೆಗೆ ಆಲದಜ್ಜ, ಗಾಣದವರ ಮನೆಗೆ ಇಪ್ಪೆಮಾವ, ಬಾವಿ ಕಾಯುವವನ ಮನೆಗೆ ಹುಣಸೆಯಜ್ಜಿ, ಹೀಗೆ. ನಮ್ಮ ಮನೆಗೆ ಸಂಪಿಗೆಯವ್ವ. ಊರಿನಲ್ಲಿ ಯಾರ ಪಟಕ್ಕೆ ಮಾಲೆ ಬೇಕಾದರೂ ಸಂಪಿಗೆಯವ್ವನ ಹೂವೇ ಆಗಬೇಕು. ಬೆಳಿಗ್ಗೆ ನಾನು ಕೊಡ ಹೊತ್ತು ಹೋಗಿ, ಬುಡಕ್ಕೆ ಸುತ್ತಲೂ ಸುರಿದು, ಕೊನೆಯ ಹನಿಯನ್ನು ಕೈಗೆ ಬಿಟ್ಟುಕೊಂಡು ತೊಗಟೆಗೆ ಸವರಿ, 'ಕುಡಿಯವ್ವಾ' ಅಂದು ಬರುತ್ತಿದ್ದೆ. ಆಮೇಲೆಯೇ ನಮ್ಮ ಬಾಯಿಗೆ ನೀರು. ನನ್ನ ಅವ್ವನೂ ಹಾಗೇ ಮಾಡಿದವಳು.

ಆಮೇಲೆ ಮಳೆಗೆ ತನ್ನ ತಿಂಗಳು ಮರೆತು ಹೋಯಿತು. ಆರಿದ್ರೆ ಮಳೆ ಬರಬೇಕಾದಾಗ ಬಿಸಿಗಾಳಿ ಬಂತು. ಬಣವೆ ಒಣಗಬೇಕಾದಾಗ ಮಳೆ ಬಂದು ಅದನ್ನೂ ಕೊಳೆಸಿ ಹೋಯಿತು. ಚೈತ್ರದಲ್ಲಿ ಚಿಗುರಬೇಕಾದ ಮರಗಳು ಎಲೆ ಉದುರಿಸಿ ಪೆಚ್ಚಾಗಿ ನಿಂತವು. ಬಾವಿಯ ಹಗ್ಗಕ್ಕೆ ಹಗ್ಗ ಕಟ್ಟಿದೆವು, ಆದರೂ ಕೊಡ ಕೆಸರು ತಾಗಿ ಬರುತ್ತಿತ್ತು. ಆವಾಗಿನಿಂದ ಮರಕ್ಕೆ ನೀರು ಹೊತ್ತು ಹೋಗುವವರ ಮುಖ ನೋಡಬೇಕಿತ್ತು. ಹಾಕುವುದು ಹಾಕುತ್ತಿದ್ದರು, ಆದರೆ ಸುರಿಯುವಾಗ ಕಣ್ಣು ಕೊಡದ ಮೇಲೆಯೇ.

ಅಂಥ ದಿನಗಳಲ್ಲಿ ಪಟದವನು ಬಂದ. ಹೆಗಲಿಗೆ ಕ್ಯಾಮೆರಾ, ಕಾಲಿಗೆ ಧೂಳು, ಮುಖದಲ್ಲಿ ಯಾರೋ ತೀರಿಕೊಂಡಂಥ ಕಳೆ. ಯಜಮಾನನ ಜಗುಲಿಯಲ್ಲಿ ಕೂತು, "ನಿಮ್ಮೂರಿನ ಹಳೇ ಮರಗಳನ್ನು ತೆಗೆಯೋಕೆ ಬಂದಿದ್ದೀನಿ" ಅಂದ.

ಯಜಮಾನ ಅವನ ಬೆನ್ನ ಹಿಂದೆ ಬಗ್ಗಿ ಕೊಡಲಿ ಇದೆಯೇ ನೋಡಿದ. ಆಮೇಲೆ ಪಟದವನಿಗೆ ಅರ್ಥವಾಗಿ, "ಮರ ತೆಗೆಯೋಕಲ್ಲ ಯಜಮಾನ್ರೇ, ಪಟ ತೆಗೆಯೋಕೆ" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಈಗ ಮರದ ಕೆಳಗೆ ಕೂತು ಯೋಚಿಸಿದರೆ ಅವನು ಮೊದಲು ಆಡಿದ ಮಾತೇ ಸರಿಯಾಗಿತ್ತು ಅನಿಸುತ್ತದೆ.

"ಬಿಸಿಲು ಹೀಗೇ ಏರಿದರೆ ಲೋಕದಲ್ಲಿ ಯಾವ ಹಳೇ ಮರವೂ ಉಳಿಯಲ್ಲ" ಅಂದ ಪಟದವನು. "ಊರೂರು ಸುತ್ತುತ್ತಿದ್ದೀನಿ. ನಾನು ಹೋದ ಊರಿಗೆ ಮತ್ತೆ ಹೋದರೆ ಮರ ಇರಲ್ಲ. ಪಟವಾದರೂ ಉಳಿಯಲಿ ಅಂತ."

ಒಳ್ಳೆಯವನೇ. ನಾನು ಅವನನ್ನು ಬಯ್ಯುತ್ತೇನೆ, ಆದರೆ ಕೆಟ್ಟವನು ಅನ್ನಲಾರೆ. ಆಲದಜ್ಜನ ಬುಡದಲ್ಲಿ ಮೊದಲು ಚಪ್ಪಲಿ ಬಿಟ್ಟ. ಬಿಳಲುಗಳನ್ನು ಒಂದೊಂದಾಗಿ ಮುಟ್ಟಿದ. ಬೆಳಕು ತನಗೆ ಬೇಕಾದ ಕಡೆ ಬರುವ ತನಕ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದ. ಕ್ಯಾಮೆರಾದಿಂದ ಮುಖ ತೆಗೆದಾಗ ಅವನ ಕಣ್ಣು ಒದ್ದೆಯಾಗಿತ್ತು. ನಮ್ಮೂರಿನಲ್ಲಿ ಯಾರೂ ಆಲದಜ್ಜನಿಗಾಗಿ ಅತ್ತವರಿರಲಿಲ್ಲ, ನೀರು ಮಾತ್ರ ಹಾಕಿದ್ದೆವು.

ಅವನು ಹೋದ ಮೇಲೆ ಗಾಡಿಯಲ್ಲಿ ಪಟ ಬಂತು. ಬಾಗಿಲಿನಷ್ಟು ದೊಡ್ಡದು, ಗಾಜು, ಕಟ್ಟು, ಮೇಲೆ ಹಿತ್ತಾಳೆಯ ಕೊಂಡಿ. ಆಲದಜ್ಜ ಅದರಲ್ಲಿ ತನಗಿಂತ ಚೆನ್ನಾಗಿದ್ದ. ಒಂದು ಎಲೆಯೂ ಬಾಡಿರಲಿಲ್ಲ. ಊರೆಲ್ಲ ಬಂದು ನೋಡಿತು, ಯಜಮಾನ ಮೊಳೆ ಹೊಡೆಸಿದ, ಪಟ ಗೋಡೆಗೇರಿತು.

ಈಗ ಒಂದು ಮಾತು ನೀವು ತಿಳಿಯಬೇಕು. ಬದುಕಿರುವವರ ಪಟವನ್ನು ನಮ್ಮೂರು ಅದುವರೆಗೆ ಕಂಡೇ ಇರಲಿಲ್ಲ. ಯಾರಾದರೂ ತೀರಿಕೊಂಡರೆ ಮೈ ತೊಳೆದು, ಹೊಸ ಬಟ್ಟೆ ಉಡಿಸಿ, ಕುರ್ಚಿಗೆ ಒರಗಿಸಿ, ಪೇಟೆಯಿಂದ ಒಬ್ಬನನ್ನು ಕರೆಸಿ ಪಟ ತೆಗೆಸುತ್ತಿದ್ದೆವು. ಗೋಡೆಯ ಪಟಕ್ಕೆ ಏನು ಮಾಡಬೇಕು ಅಂತ ನಮ್ಮ ಕೈಗೆ ಗೊತ್ತಿದ್ದದ್ದು ಒಂದೇ. ಯಜಮಾನನ ಹೆಂಡತಿ ಕೈ ತೊಳೆದು ಬಂದಳು, ಕುಂಕುಮ ಇಟ್ಟಳು, ಸಂಪಿಗೆ ಮಾಲೆ ಹಾಕಿದಳು, ಊದುಬತ್ತಿ ಹಚ್ಚಿದಳು, ಎಲ್ಲರೂ ಕೈ ಮುಗಿದೆವು. ಏನು ಮಾಡುತ್ತಿದ್ದೇವೆ ಅಂತ ಒಬ್ಬರಿಗೂ ಹೊಳೆಯಲಿಲ್ಲ.

ಮಾರನೆಯ ಬೆಳಿಗ್ಗೆ ಹೊಳೆಯಿತು. ಯಜಮಾನನ ಹೆಂಡತಿ ಆಲದಜ್ಜನ ಕೊಡ ಹೊತ್ತು ಹೊಸ್ತಿಲಿಗೆ ಬಂದವಳು ಅಲ್ಲೇ ನಿಂತಳು. "ರೀ, ನಿನ್ನೆ ಮಾಲೆ ಹಾಕಿಬಿಟ್ಟೆನಲ್ಲ" ಅಂದಳು.

ಯಜಮಾನ ಪಟ ನೋಡಿದ, ಕೊಡ ನೋಡಿದ. "ಮಾಲೆ ಬಿದ್ದವರಿಗೆ ನೀರಿಲ್ಲ" ಅಂದ. ದುಃಖದಿಂದಲೇ ಅಂದ. ಹೆಂಡತಿ ಕೊಡವನ್ನು ಒಳಗೆ ತೆಗೆದುಕೊಂಡು ಹೋದಳು. ಆ ದಿನ ಅವರ ಮನೆಯ ಮಕ್ಕಳು ತಲೆಗೆ ಸ್ನಾನ ಮಾಡಿ ಬೀದಿಯಲ್ಲಿ ಆಡಿದರು. ಒದ್ದೆ ತಲೆಗಳನ್ನು ಊರೆಲ್ಲ ನೋಡಿತು.

ತಪ್ಪು ಅಂತ ಇದ್ದದ್ದು ಅಲ್ಲಿಯವರೆಗೆ. ಆಮೇಲಿನದಕ್ಕೆ ಬೇರೆ ಹೆಸರಿಡಬೇಕು. ಗಾಣದವರು ಪಟದವನಿಗೆ ಹೇಳಿ ಕಳಿಸಿದರು, ನಮ್ಮ ಇಪ್ಪೆಮಾವನ ಪಟವನ್ನೂ ತೆಗೆದುಕೊಡಪ್ಪ, ಬಿಸಿಲು ಜೋರಾಗಿದೆ, ಪಟವಾದರೂ ಉಳಿಯಲಿ ಅಂತ. ಬಾವಿ ಕಾಯುವವನು ಹೇಳಿ ಕಳಿಸಿದ, ಪಟವಾದರೂ ಉಳಿಯಲಿ. ಕುಂಬಾರರು, ಬಳೆಯವರು, ಎಲ್ಲರ ಬಾಯಲ್ಲೂ ಅದೇ ಮಾತು. ಪಟ ಬರುತ್ತಿತ್ತು, ಮೊಳೆ ಬೀಳುತ್ತಿತ್ತು, ಮಾಲೆ ಏರುತ್ತಿತ್ತು, ಕೊಡ ಒಳಗೆ ಹೋಗುತ್ತಿತ್ತು. ಮರಗಳು ನಿಂತಲ್ಲೇ ಬೂದಿ ಬಣ್ಣಕ್ಕೆ ತಿರುಗಿದವು. ಒಂದು ಮರ ಬಿದ್ದ ಸದ್ದು ಕೇಳಿದರೆ ಆ ಮನೆಯವರು ಒಳಗೆ ಹೋಗಿ ಪಟದ ಮಾಲೆ ಬದಲಿಸುತ್ತಿದ್ದರು. ಆ ಮಾಲೆಗಳಿಗೆಲ್ಲ ನನ್ನ ಸಂಪಿಗೆಯವ್ವ ಹೂ ಕೊಟ್ಟಳು.

ಕೊನೆಗೆ ನೀರು ಕುಡಿಯುವ ಮರ ಅಂತ ಉಳಿದದ್ದು ಅವಳೊಬ್ಬಳೇ. ನನ್ನ ಕೊಡ ಬಾವಿಯಿಂದ ಮೇಲೆ ಬಂದಾಗ ಜನ ಮಾತು ನಿಲ್ಲಿಸುತ್ತಿದ್ದರು. ಯಜಮಾನ ಒಂದು ದಿನ ದಾರಿ ಅಡ್ಡಗಟ್ಟಿ, "ಏನವ್ವಾ, ನಿನ್ನ ಮರಕ್ಕೊಂದು ಪಟ ಬೇಡವಾ? ಎಲ್ಲ ಮರದ್ದೂ ಇದೆ, ಅದರದ್ದೊಂದು ಇಲ್ಲ ಅಂದರೆ ಚೆನ್ನಾಗಿರುತ್ತಾ?" ಅಂದ.

"ಅದು ಬದುಕಿದೆ ಯಜಮಾನ್ರೇ" ಅಂದೆ.

"ಅದಕ್ಕೇ ಹೇಳ್ತಿರೋದು" ಅಂದ.

ಪಟದವನು ಬಂದ. ನಾನು ಕೊಡ ಕೆಳಗಿಟ್ಟು ಮರದ ಮುಂದೆ ನಿಂತೆ. "ಪುಣ್ಯಾತ್ಮ, ನಿನ್ನ ಪಟ ಬಂದ ಮನೆಯವರು ಮರಕ್ಕೆ ನೀರು ನಿಲ್ಲಿಸಿದರು. ಗೊತ್ತಾ ನಿನಗೆ?" ಅಂದೆ.

ಅವನ ಮುಖ ಸಣ್ಣದಾಯಿತು. "ಬಿಸಿಲಿಗೆ ಹೋದವು ಅಂದರಲ್ಲಮ್ಮಾ" ಅಂದ. ಆಮೇಲೆ, "ಬಿಸಿಲೂ ಸುಳ್ಳಲ್ಲ. ಒಂದು ಕೊಡ ನೀರಿಗೆ ಎಷ್ಟು ದಿನ ತಡೀತವೆ? ಇವತ್ತಲ್ಲ ನಾಳೆ..." ಅಂದ.

"ಉಳಿಸಬೇಕು ಅಂತ ನಿಜವಾಗಿಯೂ ಇದ್ದರೆ ಈ ಕೊಡ ಹಿಡಿ."

ಹಿಡಿದ, ಅದನ್ನೂ ಹೇಳಬೇಕು. ಎತ್ತಿದ, ಅರ್ಧ ತನ್ನ ಕಾಲಿಗೇ ಚೆಲ್ಲಿಕೊಂಡ, ಉಳಿದದ್ದನ್ನು ಬುಡಕ್ಕೆ ಸುರಿದ. ಆಮೇಲೆ ಕೈ ಒರೆಸಿಕೊಂಡು ಕ್ಯಾಮೆರಾ ಎತ್ತಿಕೊಂಡ. "ಅಮ್ಮಾ, ಸ್ವಲ್ಪ ಸರೀರಿ."

ಸರಿಯಲಿಲ್ಲ. ಎರಡು ಕೈ ಚಾಚಿ ಅಡ್ಡ ನಿಂತೆ. ಅವನು ಎಡಕ್ಕೆ ಹೋದರೆ ನಾನೂ ಎಡಕ್ಕೆ, ಬಲಕ್ಕೆ ಬಂದರೆ ನಾನೂ ಬಲಕ್ಕೆ. ನಾನು ಅಡ್ಡ ಇದ್ದರೆ ಮರ ಪಟಕ್ಕೆ ಬೀಳುವುದಿಲ್ಲ ಅಂತ ನನ್ನ ಲೆಕ್ಕಾಚಾರ. ಬಿಸಿಲು ಇಳಿಯಿತು, ಎಲೆಗಳ ಸಂದಿಯಿಂದ ಬೆಳಕು ನನ್ನ ತೋಳಿನ ಮೇಲೆ ಬಂತು. ಅವನು ತಟಕ್ಕನೆ ನಿಂತು, "ಹಾಗೇ ಇರಿ. ಹೀಗೇ ಚೆನ್ನಾಗಿದೆ" ಅಂದ. ಒತ್ತಿದ. ಮರ ಅಷ್ಟು ಅಗಲ, ನಾನೋ ಕಡ್ಡಿಯಂಥವಳು. ಇಬ್ಬರೂ ಪಟಕ್ಕೆ ಬಿದ್ದೆವು.

ಪಟ ಬಂದ ದಿನ ಯಜಮಾನನೇ ಹೊತ್ತು ತಂದ. ನಾನು ನಡುಮನೆಯಲ್ಲಿ ರಾಗಿ ಕೇರುತ್ತಿದ್ದೆ. ನನ್ನ ತಲೆಯ ಮೇಲೆಯೇ ಮೊಳೆ ಹೊಡೆದರು, ಸುಣ್ಣದ ಚಕ್ಕೆ ಮೊರಕ್ಕೆ ಬಿತ್ತು. "ಇದೇನು, ನಾನು ಇಲ್ಲೇ ಕೂತಿದ್ದೀನಿ" ಅಂದೆ. ಯಜಮಾನ ನನ್ನ ಕಡೆ ನೋಡದೆ ಮಗಳ ಕಡೆ ತಿರುಗಿ, "ಮಾಲೆ ಇಲ್ಲದ ಪಟ ಗೋಡೆ ಮೇಲೆ ಇರಬಾರದು ಮಗಳೇ, ಊರಿಗೆ ಆಗಿಬರಲ್ಲ" ಅಂದ. ಬಾಗಿಲಲ್ಲಿ ಊರಿಗೂರೇ ನಿಂತಿತ್ತು. ಅವರ ಕಂಕುಳಲ್ಲಿ ತುಟಿ ಒಡೆದ ಕೂಸುಗಳಿದ್ದವು, ಅದನ್ನು ನಾನು ಮುಚ್ಚಿಡುವುದಿಲ್ಲ. ನನ್ನದೂ ಮರದ್ದೂ ಸೇರಿ ಎರಡು ಪಾಲಿನ ನೀರು ಉಳಿಯುತ್ತದೆ ಅಂತ ಪ್ರತಿ ಮುಖದಲ್ಲೂ ಕಾಣುತ್ತಿತ್ತು.

ಮಗಳು ಮಾಲೆ ಹಿಡಿದು ನಿಂತಳು. ಆ ಹೂಗಳನ್ನು ಬೆಳಿಗ್ಗೆ ನಾನೇ ಕುಯ್ದು ತಂದಿದ್ದೆ.

"ಅವ್ವಾ, ಊರೆಲ್ಲ ಹಾಕಿದ್ದಾರೆ. ನಾನೊಬ್ಬಳು ಹೇಗೆ ಬಿಡಲಿ?" ಅಂದಳು.

ನನ್ನ ಜೊತೆ ಅವಳು ಆಡಿದ ಕೊನೆಯ ಮಾತು ಅದು. ಮಾಲೆ ಹಾಕಿದಳು. ಮೊರ ನನ್ನ ಕೈಯಿಂದ ಬಿತ್ತು, ರಾಗಿ ಮನೆಯೆಲ್ಲ ಚೆಲ್ಲಿತು, ಯಾರೂ ತಿರುಗಲಿಲ್ಲ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಅಂದಿನಿಂದ ಮರದ ಬುಡದಲ್ಲೇ ಇದ್ದೇನೆ. ಬಾವಿಗೆ ಹೋದರೆ ಕಾಯುವವನು ಹಗ್ಗ ಸುತ್ತಿಟ್ಟು ಎದ್ದು ಹೋಗುತ್ತಾನೆ. ಒಂದು ದಿನ ನಮ್ಮ ಮನೆಗೇ ನುಗ್ಗಿ ಪಟದ ಮಾಲೆ ಕಿತ್ತೆಸೆದೆ. ಗಾಳಿ ಅಂದರು, ಹೊಸ ಮಾಲೆ ಹಾಕಿದರು. ಒಣಗಿದ ಹಳ್ಳದಲ್ಲಿ ಮರಳು ತೋಡಿದರೆ ಒಂದು ಚೆಂಬು ಒರತೆ ನೀರು ಸಿಗುತ್ತದೆ. ಅರ್ಧ ನನಗೆ, ಅರ್ಧ ಅವಳಿಗೆ. ಬೆಳಿಗ್ಗೆ ಊರ ಹೆಂಗಸರು ಹೂ ಕುಯ್ಯಲು ಬರುತ್ತಿದ್ದರು. ಸತ್ತ ಮರದಲ್ಲಿ ಹೂ ಹೇಗೆ ಬಿಡುತ್ತದ್ರವ್ವಾ ಅಂತ ನಾನು ಕೇಳುತ್ತಿದ್ದೆ. ಅವರು ಹಾಡು ಹೇಳಿಕೊಂಡು ಕುಯ್ಯುತ್ತಿದ್ದರು, ಸಂಪಿಗೆಯವ್ವನ ಪಟಕ್ಕೆ ಹಾಕಲು ಸಂಪಿಗೆಯವ್ವನ ಹೂ ಒಯ್ಯುತ್ತಿದ್ದರು.

ಆದರೆ ಸತ್ತವರಿಗೂ ನಮ್ಮೂರಿನಲ್ಲಿ ವರ್ಷಕ್ಕೊಂದು ದಿನ ಇದೆ, ಹಿರಿಯರ ಹಬ್ಬ. ಅವತ್ತು ಪಟದ ಮುಂದೆ ಎಲೆ ಹಾಸಿ, ಅವರು ಇಷ್ಟಪಡುತ್ತಿದ್ದದ್ದನ್ನೆಲ್ಲ ಬಡಿಸಿ ಎಡೆ ಇಟ್ಟು, ಒಂದು ಚೆಂಬು ನೀರಿಟ್ಟು, ಹಿರಿಯರು ಬಂದು ಉಣ್ಣಲಿ ಅಂತ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲುತ್ತಾರೆ. ನಾನು ಸತ್ತವಳು ತಾನೆ? ಕರೆದ ಮೇಲೆ ಹೋಗದಿರುವುದು ತಪ್ಪು. ಹಿತ್ತಲಿನಿಂದ ಹೋಗಿ ಚಕ್ಕಂಬಕ್ಕಳ ಹಾಕಿಕೊಂಡು ಕೂತು, ಒಡೆ, ಪಾಯಸ, ಸೊಪ್ಪಿನ ಸಾರು, ಎಲ್ಲ ಉಂಡೆ. ನೀರು ಮುಟ್ಟಲಿಲ್ಲ. ಚೆಂಬು ಎತ್ತಿಕೊಂಡು ಹೋಗಿ ಮರಕ್ಕೆ ಸುರಿದು, ಖಾಲಿ ಚೆಂಬು ತಂದು ಎಲೆಯ ಪಕ್ಕ ಇಟ್ಟೆ.

ಬಾಗಿಲು ತೆರೆದವರು ದಂಗಾದರು. ಎಲ್ಲರ ಮನೆಯ ಎಡೆಯೂ ಇಟ್ಟ ಹಾಗೇ ಇತ್ತು, ನಮ್ಮ ಮನೆಯದು ಮಾತ್ರ ಬರಿದಾಗಿತ್ತು. ಸತ್ತವಳು ಬಂದು ಉಂಡು ಹೋದಳು ಅಂತ ಊರೆಲ್ಲ ಸುದ್ದಿ. ಮಗಳು ಚೆಂಬನ್ನು ಬೋರಲು ಹಾಕಿ ನೋಡಿದಳು, ಅಷ್ಟೇ.

ಮರು ವರ್ಷದ ಹಬ್ಬಕ್ಕೆ ಅವಳು ಪಟದ ಮುಂದೆ ಚೆಂಬು ಇಡಲಿಲ್ಲ, ತುಂಬಿದ ಕೊಡ ಇಟ್ಟಳು. ತನ್ನ ಪಾಲಿನ ನೀರಿನಲ್ಲಿ ದಿನಾ ಒಂದಿಷ್ಟು ಕುಡಿಯದೆ ಕೂಡಿಟ್ಟದ್ದು. ಯಾರೋ ಕೇಳಿದ್ದಕ್ಕೆ, "ನಮ್ಮವ್ವನಿಗೆ ಬಾಯಾರಿಕೆ ಜಾಸ್ತಿ" ಅಂದಳು. ನಾನು ಹಿತ್ತಲ ಬಾಗಿಲ ಮರೆಯಲ್ಲಿದ್ದೆ. ಒಂದು ಇಡೀ ಕೊಡ. ಸಂಪಿಗೆಯವ್ವ ಅಷ್ಟು ನೀರು ಕಂಡು ಯಾವ ಕಾಲವಾಗಿತ್ತು.

ಬಾಗಿಲು ಮುಚ್ಚಲು ಕಾಯುತ್ತಿದ್ದೆ. ಮುಚ್ಚಲಿಲ್ಲ. ಯಜಮಾನ ಬಂದ, ಹಿಂದೆಯೇ ಪಟದವನು. ಸತ್ತವಳು ಬಂದು ನೀರು ಕುಡಿಯುವ ಮನೆ ಅಂತ ಪಟ ತೆಗೆಸಲು ಯಜಮಾನನೇ ಅವನನ್ನು ಕರೆಸಿದ್ದನಂತೆ.

ಪಟದವನಿಗೆ ನಾನು ಕಂಡೆ. ಅವನು ನಮ್ಮೂರವನಲ್ಲವಲ್ಲ. ನನ್ನನ್ನು ನೋಡಿ ಗುರುತು ಹಿಡಿದು ಬಾಯಿ ತೆರೆದ. ಆಮೇಲೆ ಸುತ್ತಲಿನ ಮುಖಗಳನ್ನು ನೋಡಿದ. ಬಾಯಿ ಮುಚ್ಚಿದ, ಕಣ್ಣು ಬೇರೆ ಕಡೆ ಹಾಕಿದ. ಇಷ್ಟು ಬೇಗ ನಮ್ಮೂರಿನ ಮರ್ಯಾದೆ ಕಲಿತ.

"ಬರೀ ಪಟದ ಪಟ ಚೆನ್ನಾಗಿ ಬರಲ್ಲ ಯಜಮಾನ್ರೇ" ಅಂದ. "ಮಗಳನ್ನು ಪಕ್ಕದಲ್ಲಿ ನಿಲ್ಲಿಸಿ."

ಮಗಳು ಹಿಂದೆ ಸರಿದಳು. ಪಟಕ್ಕೆ ಬಿದ್ದರೆ ಏನು ಅಂತ ಗೊತ್ತಿಲ್ಲದವರು ಆ ಮನೆಯಲ್ಲಿ ಯಾರೂ ಇರಲಿಲ್ಲ. "ಬೇಡ ದೊಡ್ಡಪ್ಪಾ" ಅಂದಳು ಯಜಮಾನನಿಗೆ.

"ನಿಂತ್ಕೊ ಮಗಳೇ, ಊರಿಗೆ ಹೆಸರು ಬರುತ್ತೆ" ಅಂದ ಯಜಮಾನ, ಎಂದಿನ ಮೆತ್ತಗಿನ ದನಿಯಲ್ಲಿ. ಹಿಂದೆ ನಿಂತವರು ಕ್ಯಾಮೆರಾಕ್ಕೆ ಜಾಗ ಬಿಟ್ಟು ಸರಿದರು. ಬಾವಿಯಲ್ಲಿ ಇನ್ನೊಂದು ಪಾಲು ಉಳಿಯುತ್ತಿತ್ತು. ಹೂವಾಡಗಿತ್ತಿ ಸೆರಗಿನಲ್ಲಿ ಆಗಲೇ ಒಂದು ಮಾಲೆ ತಂದಿದ್ದಳು, ನಾನು ನೋಡಿದೆ.

ಮಗಳು ಗೋಡೆಗೆ ಬೆನ್ನು ಕೊಟ್ಟು ನಿಂತಳು. ನನ್ನ ಪಟ ಅವಳ ಹೆಗಲಿನ ಮೇಲೆ ಬಂತು. ಪಟದವನು ಕ್ಯಾಮೆರಾ ಎತ್ತಿದ. ಅವನ ಕಣ್ಣು ಅಂದಿನಂತೆಯೇ ಒದ್ದೆಯಾಗಿತ್ತು.

ನಾನು ಕೂಗಿದ್ದರೆ ಯಾರಿಗೂ ಕೇಳುತ್ತಿರಲಿಲ್ಲ. ಅಡ್ಡ ನಿಂತರೆ ಏನಾಗುತ್ತದೆ ಅಂತ ಒಮ್ಮೆ ನೋಡಿಯಾಗಿತ್ತು. ನನ್ನ ಕೈಗೆ ಎಟಕುವಂತೆ ಇದ್ದದ್ದು ಆ ಕೊಡ ಒಂದೇ. ಹೊರಗೆ ನನ್ನ ಮರ ನಿಂತಿತ್ತು, ಬಾಯಿ ಒಣಗಿಸಿಕೊಂಡು. ಸುಳ್ಳು ಹೇಳುವುದಿಲ್ಲ, ಎತ್ತುವ ಮುಂಚೆ ಒಂದು ಗಳಿಗೆ ನಾನು ಹಿಂದೆ ಮುಂದೆ ನೋಡಿದೆ. ಆಮೇಲೆ ಕೊಡ ಎತ್ತಿ ಕ್ಯಾಮೆರಾದ ಕಣ್ಣಿಗೆ, ಹೊಟ್ಟೆಗೆ, ಅವನ ಎದೆಗೆ, ಕೊನೆಯ ಹನಿಯ ತನಕ ಸುರಿದೆ.

ಕೊಡ ತಾನೇ ಉರುಳಿತು ಅಂದರು. ಸತ್ತವಳಿಗೆ ಸಿಟ್ಟು ಬಂದಿದೆ ಅಂದರು, ಅದೊಂದು ಮಾತು ಮಾತ್ರ ನಿಜ. ಪಟದವನು ಕ್ಯಾಮೆರಾ ತಲೆಕೆಳಗು ಹಿಡಿದು ಅಲ್ಲಾಡಿಸಿದ, ಒಳಗಿನಿಂದ ನೀರು ತೊಟ್ಟಿಕ್ಕಿತು. "ದಾರಿಯ ಊರುಗಳ ಮರಗಳೆಲ್ಲ ಇದರಲ್ಲೇ ಇದ್ದವು" ಅಂತ ನೆಲದ ಮೇಲೆ ಕೂತು ಅತ್ತ. ಆ ಮರಗಳು ಯಾವುವೋ, ಯಾರು ನೀರು ಹಾಕಿದವೋ. ಆದರೆ ನನ್ನ ಮಗಳ ಪಟ ಉಳಿಯಲಿಲ್ಲ, ಮಗಳು ಉಳಿದಳು. ಅವನು ಸಂಜೆಯೇ ಊರು ಬಿಟ್ಟು ಹೋದ, ಮತ್ತೆ ಬಂದಿಲ್ಲ.

ಜನ ಚದುರಿದ ಮೇಲೆ ಮಗಳು ಒಬ್ಬಳೇ ಉಳಿದಳು. ಗಾರೆ ನೆಲದ ಮೇಲೆ ನೀರು ನಿಂತಿತ್ತು. ಅವಳು ಅದನ್ನು ನೋಡಿದಳು. ಆಮೇಲೆ ನೆಲ ಒರೆಸುವ ಬಟ್ಟೆ ತಂದು ಮಂಡಿಯೂರಿ ಒರೆಸಿದಳು, ಮೂಲೆ ಮೂಲೆಯನ್ನೂ ಬಿಡದೆ. ಬಟ್ಟೆಯಿಂದ ನೀರು ಸೋರಬಾರದು ಅಂತ ಅದನ್ನು ಎರಡು ಅಂಗೈಯಲ್ಲಿ ಹಿಡಿದುಕೊಂಡು ಹೊರಗೆ ಬಂದು, ನೇರ ಮರದ ಹತ್ತಿರ ನಡೆದಳು. ನಾನು ಬುಡದಲ್ಲಿ ಕೂತಿದ್ದೆ. ನನ್ನ ಕಡೆ ನೋಡಲಿಲ್ಲ. ಬೇರಿನ ಮೇಲೆ ಬಟ್ಟೆ ಹಿಂಡಿದಳು. ಒಂದು ಬೊಗಸೆಯೂ ಇರಲಿಲ್ಲ, ಅದೂ ಮಣ್ಣು ನೀರು.

ಬೇಲಿಯಾಚೆ ಯಾರೋ ನಿಂತು ನೋಡಿದರು. ಮಗಳು ಅವರಿಗೆ ಕೇಳುವಂತೆ ಹೇಳಿದಳು, "ನೆಲ ಒರೆಸಿದ ನೀರು. ಯಾರಿಗೂ ಕೊಟ್ಟದ್ದಲ್ಲ."

ಅವಳು ಹೊಸ್ತಿಲು ದಾಟುವಷ್ಟರಲ್ಲಿ ಬೇರಿನ ಮೇಲಿನ ಒದ್ದೆ ಆರಿ ಹೋಗಿತ್ತು. ಸಂಪಿಗೆಯವ್ವ ಈ ವರ್ಷ ಹೂ ಬಿಟ್ಟಿಲ್ಲ. ತೆಂಕಣದ ಕೊಂಬೆ ಒಣಗಿದೆ, ಬಡಗಣದ್ದು ಹಳದಿಯಾಗುತ್ತಿದೆ. ಮಾಲೆಗೆ ಹೂ ಇಲ್ಲ ಅಂತ ಊರಿನವರು ಪೇಟೆಯಿಂದ ಪ್ಲಾಸ್ಟಿಕ್ ಹಾರ ತರಿಸಿ ಎಲ್ಲ ಪಟಗಳಿಗೂ ಹಾಕಿದ್ದಾರೆ. ಅದಕ್ಕೆ ನೀರು ಚಿಮುಕಿಸುವ ಕೆಲಸವೂ ಇಲ್ಲ.

ಮಗಳು ನನ್ನ ಜೊತೆ ಈಗಲೂ ಮಾತಾಡುವುದಿಲ್ಲ. ಆದರೆ ದಿನಾ ಬೆಳಿಗ್ಗೆ ತನ್ನ ಪಾಲಿನ ನೀರಿನಲ್ಲಿ ಬಟ್ಟೆ ಅದ್ದಿ ಮನೆ ಒರೆಸುತ್ತಾಳೆ, ತಂದು ಬುಡದಲ್ಲಿ ಹಿಂಡುತ್ತಾಳೆ. ಅದು ಸಾಲದು ಅಂತ ಅವಳಿಗೂ ಗೊತ್ತು, ನನಗೂ ಗೊತ್ತು. ಎಂಥ ಚೊಕ್ಕ ಹುಡುಗಿ, ಸತ್ತ ಅವ್ವನ ಮನೆಯನ್ನು ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದಾಳೆ ಅಂತ ಊರೆಲ್ಲ ಹೊಗಳುತ್ತದೆ.